ನಾಗಪತಿ ಚಿದಂಬರ ಭಟ್: ಹಾರಲಾಗದೆ ಉಳಿದ ಗಗನಯಾತ್ರಿ

ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಘಟ್ಟದ ಮೇಲಿನ ನೆರೆಯಾದ ಶಿರಸಿಯಲ್ಲಿ 1948ರಲ್ಲಿ ಹುಟ್ಟಿದ ಎಂಜಿನಿಯರ್ ನಾಗಪತಿ ಚಿದಂಬರ ಭಟ್ಟರನ್ನು ಇಸ್ರೋ 1985ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯ ಯಾನಕ್ಕೆ ಆರಿಸಿತು. ಜೊತೆಗೆ ಆಯ್ಕೆಯಾದವರು ಕೇರಳದ ಪಿ. ರಾಧಾಕೃಷ್ಣನ್ ನಾಯರ್. ಇನ್ಸಾಟ್-1ಸಿ ಉಪಗ್ರಹವನ್ನು ಕಕ್ಷೆಗೆ ಬಿಡಬೇಕಿದ್ದ ಆ ಯಾನ 1986ಕ್ಕೆ ನಿಗದಿಯಾಗಿತ್ತು. ಹಾರದವರನ್ನು ಗಗನಯಾತ್ರಿ ಎನ್ನಬಹುದೇ ಎಂಬ ಆಕ್ಷೇಪ ಸಹಜವೇ. ಬಾಹ್ಯಾಕಾಶ ಮುಟ್ಟಿದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೆ ಯಾನ ತಪ್ಪಿದ್ದು ಅವರ ಅರ್ಹತೆಯ ಕೊರತೆಯಿಂದಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಆಕಾಶದಲ್ಲೇ ಛಿದ್ರವಾಗಿ 7 ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕ ಇಂಥ ಉಪಗ್ರಹಗಳನ್ನು ನೌಕೆಯಲ್ಲಿ ಒಯ್ಯುವುದನ್ನೇ ಅಮೆರಿಕ ಕೈಬಿಟ್ಟಿತು. ಆಯ್ಕೆಯ ಕಠಿಣ ಪರೀಕ್ಷೆ ಗೆದ್ದವರನ್ನು ನಮ್ಮ ಜಿಲ್ಲೆಯ ಚರಿತ್ರೆ ಮರೆಯುವುದು ಅನ್ಯಾಯ. ಇನ್ಸಾಟ್-1ಸಿ 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಮೇಲೇರಿತು.