ಮುಗ್ಗಟ್ಟಿನ ಕಾಲದ ಮರ್ಯಾದೆ

ನ್ಯೂಯಾರ್ಕಿನಲ್ಲಿ ಇಂದು ಟ್ರಂಪ್ ಟವರ್ ಇರುವ ಜಾಗದಲ್ಲಿ ಹಿಂದೆ ಸ್ಟುವರ್ಟ್ ಅಂಡ್ ಕಂಪನಿಯೆಂಬ ವೈಭವದ ಮಳಿಗೆಯಿತ್ತು. ಅದು ಬಾಗಿಲು ತೆರೆದದ್ದು 1929ರ ಅಕ್ಟೋಬರಿನಲ್ಲಿ. ಷೇರುಪೇಟೆ ಕುಸಿದದ್ದೂ ಅದೇ ತಿಂಗಳು! ಮರುವರ್ಷವೇ ಕಟ್ಟಡವು ಬಾನ್ವಿಟ್ ಟೆಲ್ಲರ್ ಎಂಬ ಸ್ತ್ರೀಯರ ಉಡುಪಿನ ಮಳಿಗೆಯ ಪಾಲಾಯಿತು.

ಮುಗ್ಗಟ್ಟು ಅದನ್ನೂ ಬಿಡಲಿಲ್ಲ. ಸೋತ ಸಂಸ್ಥೆಗಳನ್ನು ಅಗ್ಗಕ್ಕೆ ಕೊಳ್ಳುತ್ತಿದ್ದ ಫ್ಲಾಯ್ಡ್ ಓಡ್ಲಮ್ ಅವರ ಕೈಗೆ ಮಳಿಗೆ ಬಂದಾಗ, ಅದನ್ನು ನೋಡಿ ಬರಲು ಅವರು ಪತ್ನಿ ಹಾರ್ಟೆನ್ಸ್ ಅವರನ್ನು ಕಳುಹಿಸಿದರು. ಆಕೆ ಅದುವರೆಗೆ ಯಾವ ಉದ್ಯೋಗವನ್ನೂ ಮಾಡಿದವರಲ್ಲ. ಕೊಳ್ಳುವವಳ ಕಣ್ಣಿನಿಂದ ನೋಡಬಲ್ಲವರಾಗಿದ್ದರು, ಅಷ್ಟೆ. 1934ರಲ್ಲಿ ಆಕೆಯೇ ಅಧ್ಯಕ್ಷೆಯಾದರು.

ಸುಭಿಕ್ಷದ ದಿನಗಳಲ್ಲಿ ಇಂತಹ ಮಳಿಗೆಗಳಿಗೆ ಗತ್ತೇ ಬಂಡವಾಳ. ಕೈ ಬಿಗಿಯಾದಾಗ ಗತ್ತು ಗಿರಾಕಿಯನ್ನು ಓಡಿಸುತ್ತದೆ. ಹಾರ್ಟೆನ್ಸ್ ಗಿರಾಕಿಗಳೊಡನೆ ತಾವೇ ಮಾತನಾಡಿದರು, ಅವರದೇ ಒಂದು ಸಲಹಾ ಸಮಿತಿಯನ್ನು ರಚಿಸಿದರು, ಟೋಪಿಗಳ ವಿಭಾಗವನ್ನು ನೆಲಮಹಡಿಗೆ ಇಳಿಸಿದರು. ಮಡದಿಗೆ ಉಡುಗೊರೆ ಆರಿಸಲು ತಿಣುಕುವ ಗಂಡಸರಿಗಾಗಿ '721 ಕ್ಲಬ್' ಹುಟ್ಟಿತು; ಕಟ್ಟಡದ ಸಂಖ್ಯೆಯೇ ಅದರ ಹೆಸರು. ರೋಗಿಯ ಮಾತನ್ನು ಪೂರ್ತಿ ಕೇಳದೆ ಔಷಧ ಬರೆಯಬಾರದೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಆಕೆ ಅಂಗಡಿಗೆ ಅನ್ವಯಿಸಿದ್ದೂ ಅದನ್ನೇ.

ಇದು ಸೌಜನ್ಯವೋ ವ್ಯಾಪಾರದ ಲೆಕ್ಕವೋ? ಎರಡೂ ಹೌದೆಂದು ನನ್ನ ಭಾವನೆ. ತೆಳುವಾದ ಕೈಚೀಲ ಹಿಡಿದು ಒಳಬಂದ ಹೆಣ್ಣುಮಗಳಿಗಂತೂ ಆ ವ್ಯತ್ಯಾಸ ಮುಖ್ಯವಾಗಿರಲಾರದು. ಆಕೆಗೆ ಬೇಕಾದದ್ದು ತಲೆ ತಗ್ಗಿಸದೆ ಬೆಲೆ ಕೇಳುವ ಧೈರ್ಯ.

ಹಾರ್ಟೆನ್ಸ್ 1940ರಲ್ಲಿ ಅಧ್ಯಕ್ಷ ಸ್ಥಾನವನ್ನು ಬಿಟ್ಟರು. 1980ರಲ್ಲಿ ಕಟ್ಟಡವನ್ನು ಕೆಡವಿದಾಗ, ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಬಯಸಿದ್ದ ಅದರ ಉಬ್ಬುಶಿಲ್ಪಗಳೂ ಪುಡಿಯಾದವು.