ಬ್ಯಾಗಿನಾಗ ಒಂದು ಸಣ್ಣ ರಿವಾಲ್ವರ್ ಇದ್ರ ಸಾಕೇನು? ಸುರೇಬಾನದ ಒಂದು ರಾತ್ರಿ

1/7
ದೋಸ್ತ್ರ, ಈ ವಾರದ ಇತಿಹಾಸದ ಸರಣಿ ಶುರುವಾಗಿದ್ದು ಲೈಬ್ರರಿಯೊಳಗಲ್ಲ, ನಮ್ಮ ಮನಿ ಕಟ್ಟಿ ಮ್ಯಾಲೆ.

ನನ್ನ ಕಾಕಾನ ಮಗಳು ಹುಬ್ಬಳ್ಳಿಯಾಗ ಕೆಲಸ ಮಾಡ್ತಾಳ. ವಾರದಾಗ ಎರಡು ಮೂರು ದಿನ ಮೊರಬಕ್ಕ ಬರೋದು ಕಡೀ ಬಸ್ಸಿಗೆ. ಬಸ್ ಇಳಿದು ಮನಿಗೆ ಬರೋ ದಾರಿಯಾಗ ಒಂದು ಕಂಬದ ಲೈಟ್ ಹತ್ತತೈತಿ, ಮುಂದಿನ ಎರಡು ಹತ್ತಂಗಿಲ್ಲ. ಒಂದಿನ ಇಬ್ಬರು ಬೈಕ್ ಮ್ಯಾಲೆ ನಿಧಾನಕ ಅಕಿ ಹಿಂದ ಬಂದ್ರಂತ. ಏನೂ ಅನಲಿಲ್ಲ, ಏನೂ ಮಾಡಲಿಲ್ಲ. ಮನಿ ಹತ್ರ ಬರೋತನ ಬಂದು ಹೊಳ್ಳಿ ಹೋದ್ರು.

ಮರುದಿನ ಅಕಿ ನನ್ನ ಕೇಳಿದ್ಲು: "ಅಣ್ಣಾ, ಹೆಣ್ಮಕ್ಕಳಿಗಂತನ ಸರ್ಕಾರದ ಫ್ಯಾಕ್ಟರಿಯಾಗ ಸಣ್ಣ ರಿವಾಲ್ವರ್ ಮಾಡ್ಯಾರಂತಲ್ಲ. ಅದೊಂದು ಬ್ಯಾಗಿನಾಗ ಇದ್ರ ಸಾಕಲ್ಲ?"

ನಾನು ನಕ್ಕೆ. ಅಕಿ ನಗಲಿಲ್ಲ.

ಅದಕ್ಕ ಈ ಸರಣಿ. ಪೂರ್ತಿ ಓದ್ರಿ. ಉತ್ತರ ನಮ್ಮ ತಾಲೂಕಿನ ಮಗ್ಗಲದಾಗ, 1858ರಾಗ ಐತಿ 👇

2/7
ಮೊದಲು ಸ್ವಲ್ಪ ಹಿಂದಿನಿಂದ ಬರೋಣ.

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದಾಗ ಬ್ರಿಟಿಷರು ಒಂದು ಕಾಯ್ದೆ ತಂದರು. ಜನ ತಮ್ಮಲ್ಲಿರುವ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು. ಹತ್ತನೇ ಕ್ಲಾಸಿನ್ಯಾಗ ಹಲಗಲಿ ಬೇಡರ ಲಾವಣಿ ಓದೀವಿ, ನೆನಪೈತಿಲ್ಲೋ? ಅದು ಇದರದೇ ಕತಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಬೇಟೆ ಅಂದರೆ ಊಟ, ಅದರ ಮೇಲೆ ಮಾನ. ಅವರು ಕೊಡಂಗಿಲ್ಲ ಅಂದರು. ನವೆಂಬರ್ ಕೊನೆಗೆ ಬ್ರಿಟಿಷ್ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು. ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಅವರದೇ ಊರಾಗ.

ಇದನ್ನ ಯಾಕ ಹೇಳಿದೆ ಅಂದ್ರ, "ಆಯುಧ ಬೇಕು" ಅನ್ನೋದು ಬರೀ ಸಿನಿಮಾ ನೋಡಿ ಹುಟ್ಟಿದ ಹುಚ್ಚಲ್ಲ. ಕೈಯಾಗಿಂದ ಕಸಕೊಂಡಾಗ ಆಗುವ ನೋವು ನಮ್ಮ ಭಾಗದ ಜನಕ್ಕ ಗೊತ್ತೈತಿ. ನನ್ನ ತಂಗಿ ಪ್ರಶ್ನೆಗೆ ನಾನು ನಗಬಾರದಿತ್ತು.

3/7
ಈಗ ನಮ್ಮ ಹತ್ರಕ್ಕ ಬರೋಣ. ಮೊರಬದಿಂದ ನವಲಗುಂದ, ಅಲ್ಲಿಂದ ಮುಂದ ನರಗುಂದ. ಎರಿ ಹೊಲದ ನಡುವ ಒಂಟಿಯಾಗಿ ನಿಂತ ಆ ಗುಡ್ಡ ಬಸ್ಸಿನ ಕಿಟಕಿಯಾಗ ಎಲ್ಲಾರೂ ನೋಡೇವಿ. 1997ರ ತನಕ ಅದೂ ನಮ್ಮ ಧಾರವಾಡ ಜಿಲ್ಲೆನ.

ಅಲ್ಲಿನ ದೊರೆ ಭಾಸ್ಕರರಾವ್ ಭಾವೆ. ಜನರ ಬಾಯಲ್ಲಿ ಬಾಬಾಸಾಹೇಬ. ಮಗನಿರಲಿಲ್ಲ, ದತ್ತಕ ತೆಗೆದುಕೊಳ್ಳಲು ಬ್ರಿಟಿಷರು ಒಪ್ಪಲಿಲ್ಲ. ಅಂದರೆ ಅವನು ಸತ್ತ ಮರುದಿನ ಸಂಸ್ಥಾನ ಅವರದು. ಮೇಲೆ ಕೋಟೆಯ ತೋಪುಗಳನ್ನು ಧಾರವಾಡಕ್ಕೆ ಕಳಿಸು ಅಂತ ಒತ್ತಾಯ. 1858ರ ಮೇ ತಿಂಗಳಲ್ಲಿ ಬಾಬಾಸಾಹೇಬ ತಿರುಗಿಬಿದ್ದ.

ಆಗ ಈ ಭಾಗದ ಪೊಲಿಟಿಕಲ್ ಏಜೆಂಟ್ ಆಗಿದ್ದವನು ಚಾರ್ಲ್ಸ್ ಮ್ಯಾನ್ಸನ್. ಮೊದಲು ಇನಾಮು ಜಮೀನುಗಳ ಹಕ್ಕು ಪರೀಕ್ಷಿಸುವ ಇನಾಂ ಕಮಿಷನ್‌ನಲ್ಲಿ ಕೆಲಸ ಮಾಡಿದವನು. ಹಿಂಗಾಗಿ ಈ ಕಡೆ ಅವನ ಮ್ಯಾಲೆ ಸಿಟ್ಟು ಮೊದಲಿಂದನೂ ಇತ್ತು. ರಾಮದುರ್ಗದಲ್ಲಿ ಅವನಿಗೆ ಎಚ್ಚರಿಕೆಯೂ ಸಿಕ್ಕಿತ್ತು: ನರಗುಂದದ ಕಡೆ ಪರಿಸ್ಥಿತಿ ಸರಿಯಿಲ್ಲ, ಇಷ್ಟು ಕಡಿಮೆ ಜನರ ಜೋಡಿ ಹೋಗಬೇಡ. ಆದರೂ ಹೊರಟ. ಜೊತೆಗಿದ್ದದ್ದು ಹತ್ತು ಹನ್ನೆರಡು ದಣಿದ ಸವಾರರು, ಒಂದು ಪಲ್ಲಕ್ಕಿ. ಮತ್ತ ಒಂದು ರಿವಾಲ್ವರ್.

4/7
1858ರ ಮೇ 29ರ ರಾತ್ರಿ. ಊರು ಸುರೇಬಾನ. ಶಬರಿ ಕೊಳ್ಳಕ್ಕ ಟ್ರಿಪ್ ಹೋಗಿದ್ವಿಲ್ಲ, ಅದರ ಹತ್ರದ ಊರು.

ಮ್ಯಾನ್ಸನ್ ಪಲ್ಲಕ್ಕಿಯಲ್ಲೇ ಮಲಗಿದ್ದ. ಸುದ್ದಿ ತಿಳಿದ ಬಾಬಾಸಾಹೇಬ ನೂರಾರು ಜನರನ್ನು ಕಟ್ಟಿಕೊಂಡು ಕತ್ತಲಲ್ಲಿ ಬಂದ. ಗದ್ದಲಕ್ಕೆ ಎಚ್ಚರಾದ ಮ್ಯಾನ್ಸನ್ ರಿವಾಲ್ವರ್ ಹಾರಿಸಿದ. ಅಷ್ಟೇ. ಮುಂದಿನ ಕ್ಷಣಕ್ಕೆ ಅವನ ಕತೆ ಮುಗಿದಿತ್ತು. ಅವನ ರುಂಡವನ್ನು ನರಗುಂದಕ್ಕೆ ಒಯ್ದು ಅಗಸಿಗೆ ತೂಗುಹಾಕಿದರು.

ನಮ್ಮ ಸಾಲಿ ಪಾಠದಾಗ ಬಾಬಾಸಾಹೇಬ ನಾಯಕ. ನನಗೂ ನಾಯಕನ. ಆದ್ರ ಇವತ್ತೊಂದಿನ ಮ್ಯಾನ್ಸನ್‌ನ ಕೈ ಕಡೆ ನೋಡ್ರಿ.

ಅವನ ಕೈಯಲ್ಲಿದ್ದದ್ದು ಆ ಕಾಲದ ಹೊಸ ತಂತ್ರಜ್ಞಾನ. ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ರಿವಾಲ್ವರಿಗೆ ಪೇಟೆಂಟ್ ಪಡೆದದ್ದು 1836ರಲ್ಲಿ. 1850ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದ್ದರು. ಒಮ್ಮೆ ತುಂಬಿದರೆ 5 ಅಥವಾ 6 ಗುಂಡು. ಖಾಲಿಯಾದರೆ ಒಂದೊಂದು ಕೋಣೆಗೂ ಮತ್ತೆ ಮದ್ದು ಹಾಕಿ, ಗುಂಡು ತುರುಕಿ, ಹಿಂದೆ ಕೇಪು ಕೂಡಿಸಬೇಕು. ಆದರೆ ಮ್ಯಾನ್ಸನ್ ಸೋತದ್ದು ಗುಂಡು ಸಣ್ಣದಾಗಿದ್ದಕ್ಕಲ್ಲ, ತುಂಬೋದು ತಡವಾಗಿದ್ದಕ್ಕೂ ಅಲ್ಲ. ಅವನು ಮಲಗಿದ್ದ, ಬಂದವರು ಎಚ್ಚರಿದ್ದರು. ಅವರು ನೂರಾರು ಜನ, ಇವನ ಕಡೆ ಕೈಬೆರಳೆಣಿಕೆ. ವ್ಯಾಳ್ಯಾ ಯಾವುದು, ಜಾಗ ಯಾವುದು ಅಂತ ಆರಿಸಿಕೊಂಡವರು ಅವರು.

ರಿವಾಲ್ವರ್ ಕೆಲಸಕ್ಕ ಬರೋದರೊಳಗ ತಪ್ಪೆಲ್ಲಾ ಆಗಿಹೋಗಿತ್ತು.

5/7
"ಹಂಗಾರ ದೊಡ್ಡ ಆಯುಧ ಇದ್ರ?" ಅಂತ ಕೇಳ್ತೀರಿ. ಅದಕ್ಕೂ ನರಗುಂದದಾಗ ಉತ್ತರ ಐತಿ. ಜೂನ್ 1ಕ್ಕೆ ಕರ್ನಲ್ ಮಾಲ್ಕಮ್‌ನ ಸೈನ್ಯ ಬಂತು. ಬಾಬಾಸಾಹೇಬನಿಗೆ ಗುಡ್ಡದ ಮೇಲೆ ಕೋಟೆ ಇತ್ತು, ಜನ ಇದ್ದರು. ಎರಡೇ ದಿನದಲ್ಲಿ ಎಲ್ಲ ಕೈಬಿಟ್ಟುಹೋಯಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಅವನ ತಾಯಿ, ಹೆಂಡತಿ ಮಲಪ್ರಭೆಯ ಪಾಲಾದರು. ಅಕ್ಕಪಕ್ಕದ ಸಂಸ್ಥಾನಗಳು ಜೊತೆಗೆ ಏಳುತ್ತವೆ ಅಂತ ನಂಬಿದ್ದ. ಅವು ಏಳಲಿಲ್ಲ. ಎರಡೂ ಕಡೆ ಪಾಠ ಒಂದೇ: ಕೈಯಾಗ ಏನೈತಿ ಅನ್ನೋದಕ್ಕಿಂತ ಬೆನ್ನಿಗೆ ಯಾರದಾರ ಅನ್ನೋದು ದೊಡ್ಡದು.

ಇದು ಹಳೇ ಕಾಲದ ಮಾತಷ್ಟೇ ಅಲ್ಲ. 2015ರ ಆಗಸ್ಟ್ 30, ಧಾರವಾಡದ ಕಲ್ಯಾಣನಗರ. ಬೆಳಿಗ್ಗೆ ಮನೆಗೆ ಬಂದವರನ್ನು ಯಾರೋ ಪರಿಚಯದವರು ಅಂದುಕೊಂಡ ಮನೆ ಅದು. ಡಾ. ಎಂ. ಎಂ. ಕಲಬುರ್ಗಿಯವರನ್ನು ಅಲ್ಲೇ ಗುಂಡಿಟ್ಟು ಕೊಂದರು. ವಚನ, ಶಾಸನ ಅಂತ ಜೀವನ ತೇಯ್ದ 76 ವರ್ಷದ ಮೇಷ್ಟ್ರು. ಟೇಬಲ್ಲಿನ ಡ್ರಾದಾಗ ಒಂದು ಪಿಸ್ತೂಲು ಇದ್ದಿದ್ರ ಏನಾಗತಿತ್ತು? ಬಾಗಿಲಿಗೆ ಬಂದವರನ್ನ ಅತಿಥಿ ಅಂತ ನೋಡೋ ಮನುಷ್ಯನಿಗೆ ಅದನ್ನ ತೆಗಿಯೋ ವ್ಯಾಳ್ಯಾನೇ ಸಿಗಂಗಿಲ್ಲ.

6/7
ಇನ್ನ ಕಾನೂನು. ಇದನ್ನ ಸೇವ್ ಮಾಡಿ ಇಟ್ಕೊಳ್ರಿ.

1931ರ ಕರಾಚಿ ಕಾಂಗ್ರೆಸ್ಸಿನ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದು ನಾಗರಿಕರ ಹಕ್ಕು ಅಂತ ಸೇರಿಸಿದ್ದರು. ಪರದೇಶದವರು ಆಯುಧ ಕಸಿದುಕೊಂಡ ನೋವು ಅದರ ಹಿಂದಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನೇ ಮೂಲಭೂತ ಹಕ್ಕು ಮಾಡಿ ಅಂತ ತಿದ್ದುಪಡಿ ತಂದವರು ಎಚ್. ವಿ. ಕಾಮತ್, ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಅಂಬೇಡ್ಕರ್ ಒಪ್ಪಲಿಲ್ಲ. ಪ್ರತಿಯೊಬ್ಬರೂ ಪೇಟೆಗೆ ಹೋಗಿ ಆಯುಧ ಕೊಳ್ಳುವ ಹಕ್ಕು ಪಡೆದರೆ ಆಡಳಿತ ನಡೆಸುವುದಾದರೂ ಹೇಗೆ ಅನ್ನುವುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ಹೀಗಾಗಿ ಇವತ್ತು ಆತ್ಮರಕ್ಷಣೆ ನಿಮ್ಮ ಹಕ್ಕು, ಬಂದೂಕು ಮಾತ್ರ ಪರವಾನಗಿಯ ವಿಷಯ.

🔹 1959ರ ಆಯುಧ ಕಾಯ್ದೆ ಪ್ರಕಾರ 21 ತುಂಬದವರಿಗೆ ಲೈಸನ್ಸ್ ಇಲ್ಲ. ನಮ್ಮ ಕ್ಲಾಸಿನವರಿಗೆ ಅಲ್ಲಿಗೇ ಮುಗೀತು.
🔹 ಲೈಸನ್ಸ್ ಇಲ್ಲದ ಪಿಸ್ತೂಲು ಸುಮ್ಮನೆ ಹತ್ತಿರ ಇಟ್ಟುಕೊಂಡರೂ ಜೈಲು. "ಗೆಳೆಯಾಂದು, ಬರೀ ರೀಲ್ಸಿಗೆ ಹಿಡಕೊಂಡಿದ್ದೆ" ಅನ್ನೋದು ನಡಿಯಂಗಿಲ್ಲ.
🔹 ಮದುವೆ ಮೆರವಣಿಗೆಯಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಕುತ್ತು ತಂದರೆ, 2019ರ ತಿದ್ದುಪಡಿ ಪ್ರಕಾರ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.
🔹 ಜೀವಕ್ಕೆ, ಮಾನಕ್ಕೆ ಅಪಾಯ ಬಂದಾಗ ತಿರುಗಿ ಹೊಡೆಯುವ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಬಲ ಬಳಸುವಂತಿಲ್ಲ. ಬೈಕ್ ಮ್ಯಾಲೆ ಸುಮ್ಮನ ಹಿಂದ ಬಂದವರಿಗೆ ಗುಂಡು ಹೊಡೆದರೆ ಅದು ಆತ್ಮರಕ್ಷಣೆ ಆಗಂಗಿಲ್ಲ.

ತಂಗಿ ಹೇಳಿದ ರಿವಾಲ್ವರ್ ಹೆಸರು ನಿರ್ಭೀಕ್. 2012ರ ದೆಹಲಿ ಘಟನೆಯ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬಂತು. .32 ಬೋರ್, ಅರ್ಧ ಕಿಲೋ ಆಸುಪಾಸು ತೂಕ, 6 ಗುಂಡು, ಬೆಲೆ ಆಗಲೇ ಒಂದು ಲಕ್ಷದ ಮೇಲೆ. ವ್ಯಾನಿಟಿ ಬ್ಯಾಗಿನಾಗ ಕೂಡತೈತಿ, ಖರೆ. ಆದರೆ ಬ್ಯಾಗಿನ ಜಿಪ್ ತೆಗಿಬೇಕು, ಕತ್ತಲದಾಗ ಕೈಗೆ ಸಿಗಬೇಕು, ಕೈ ನಡುಗಬಾರದು, ಎದುರಿಗಿದ್ದವನ ಹಿಂದ ಬ್ಯಾರೆ ಯಾರೂ ಇರಬಾರದು. ಇದಕ್ಕ ತಿಂಗಳಾನುಗಟ್ಟಲೆ ತಾಲೀಮು ಬೇಕು. ಮನ್ಯಾಗ ಇಟ್ರ ಸಣ್ಣ ಹುಡುಗರ ಕೈಗೆ ಸಿಗದಂಗ ಬೀಗ ಬೇಕು. ಬೀಗದಾಗ ಇದ್ದದ್ದು ಅವಸರಕ್ಕ ಸಿಗಂಗಿಲ್ಲ.

7/7
ಹಂಗಾರ ಸಾಕೋ, ಸಾಲದೋ?

ನನ್ನ ಉತ್ತರ: ಒಬ್ಬನೇ ಎದುರಾಗಿ, ನೀವು ಎಚ್ಚರಿದ್ದು, ಕಲಿತ ಕೈಯಾಗಿದ್ದು, ಒಂದು ನಿಮಿಷ ಮೊದಲೇ ಗೊತ್ತಾದರೆ, ಸಣ್ಣ ರಿವಾಲ್ವರ್ ಜೀವ ಉಳಿಸಬಹುದು. ಅದನ್ನ ಸುಳ್ಳು ಅನ್ನಂಗಿಲ್ಲ. ಆದರೆ ಆ ಒಂದು ನಿಮಿಷ ಮೊದಲೇ ಸಿಗೋದು ರಿವಾಲ್ವರಿನಿಂದಲ್ಲ. ಬೆಳಕಿನಿಂದ, ಜೊತೆಗಿರೋ ಜನರಿಂದ, ಸಿಕ್ಕ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳೋದರಿಂದ. ಮ್ಯಾನ್ಸನ್‌ಗೆ ರಾಮದುರ್ಗದಾಗ ಸಿಕ್ಕಿದ್ದ ಎಚ್ಚರಿಕೆ ಅವನ ಸೊಂಟದಾಗಿನ ಆಯುಧಕ್ಕಿಂತ ಬೆಲೆಯುಳ್ಳದ್ದಾಗಿತ್ತು. ಅವನು ಅದನ್ನ ಅಲ್ಲೇ ಬಿಟ್ಟು ಬಂದ.

ಇದನ್ನೆಲ್ಲ ತಂಗಿಗೆ ಹೇಳಿದೆ. ಸುಮ್ಮನ ಕೇಳಿದ್ಲು. ಈಗ ಅಕಿ ಬಸ್ ಹತ್ತಿದ ಕೂಡಲೇ ಲೈವ್ ಲೊಕೇಶನ್ ಕಳಸ್ತಾಳ. ನಾನೋ ಕಾಕಾನೋ ಬಸ್ ಸ್ಟ್ಯಾಂಡಿನಾಗ ನಿಂತಿರ್ತೀವಿ. 112 ಅಕಿ ಫೋನಿನ ಮೊದಲನೇ ನಂಬರ್. ಆರದ ಎರಡು ಕಂಬದ ಬಗ್ಗೆ ಅರ್ಜಿ ಕೊಟ್ಟೀವಿ, ಓಣಿಯ 30 ಮನಿಯವರು ಸಹಿ ಮಾಡ್ಯಾರ.

ಆದ್ರ ಕಡೀಕ ಅಕಿ ಒಂದು ಮಾತು ಕೇಳಿದ್ಲು: "ಅಣ್ಣಾ, ನೀವು ಯಾರೂ ಬರದ ದಿನ?"

ಅದಕ್ಕ ನನ್ನ ಹತ್ರ ಇತಿಹಾಸದಾಗ ಉತ್ತರ ಸಿಗಲಿಲ್ಲ. ಆ ದಿನ ಬರದಂಗ ನೋಡ್ಕೊಳ್ಳೋದು ಅಕಿ ಕೆಲಸ ಅಲ್ಲ, ನಮ್ಮದು. ಕಡೀ ಬಸ್ಸಿಗೆ ಬರೋ ಅಕ್ಕ ತಂಗಿ ನಿಮ್ಮ ಓಣಿಯಾಗೂ ಇದ್ದಾರ. ಇವತ್ತು ರಾತ್ರಿ ಒಂದು ಸಲ ಹೋಗಿ ನಿಲ್ರಿ.

ನಿಮ್ಮ ಊರಾಗ ಏನು ವ್ಯವಸ್ಥೆ ಐತಿ, ಕಮೆಂಟಿನಾಗ ಬರೀರಿ. ಮುಂದಿನ ವಾರ ನರಗುಂದ ಗುಡ್ಡ ಹತ್ತೋಣ 🙏

#ಮೊರಬ #ನವಲಗುಂದ #ನರಗುಂದ #ಸುರೇಬಾನ #ಹಲಗಲಿ #ನಮ್ಮೂರಇತಿಹಾಸ