ಆ ಅಂಗ್ಯಾಗ ಗಾಳಿ ಐತೇನು?

ಪೋಸ್ಟ್ ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಇದ್ದಾಗ ಓದಿ, ಆದ್ರ ಪೂರ್ತಿ ಓದಿ.

2025ರ ಜೂನ್ 25, ಬುಧವಾರ. ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶಕ್ಕೆ ಹೋದ ದಿನ. 1984ರಲ್ಲಿ ರಾಕೇಶ್ ಶರ್ಮಾ ಹೋಗಿ ಬಂದ ಮೇಲೆ 41 ವರ್ಷಕ್ಕೆ ಎರಡನೇ ಭಾರತೀಯ. ಮಧ್ಯಾಹ್ನ ರಾಕೆಟ್ ಹಾರಿದಾಗ ನಾನು ಆಫೀಸಿನಲ್ಲಿ ಇನ್‌ವರ್ಡ್ ರಿಜಿಸ್ಟರ್ ಬರೀತಾ ಕುಂತಿದ್ದೆ. ಸಂಜೆ ಸುರೇಬಾನಕ್ಕೆ ಬಂದು ಮನ್ಯಾಗ ಟಿವಿ ಹಚ್ಚಿದೆ. ಬಿಳಿ ಸೂಟು ಹಾಕ್ಕೊಂಡು ನಾಲ್ಕು ಜನ ಸೀಟಿನಲ್ಲಿ ಮಲಗಿದ್ದನ್ನು ತೋರಿಸ್ತಾ ಇದ್ರು. ಬಾಗಿಲ ಹತ್ರ ಕುಂತಿದ್ದ ನಮ್ಮ ಕಾಕಾ ಬಹಳ ಹೊತ್ತು ನೋಡಿ ಕೇಳಿದ:

"ತಮ್ಮಾ, ಆ ಅಂಗ್ಯಾಗ ಗಾಳಿ ಐತೇನು?"

"ಐತಿ ಕಾಕಾ. ಸೀಟಿನಿಂದ ಪೈಪ್ ಹಾಕಿರ್ತಾರ. ಒಳಗಿನ ಗಾಳಿ ಸೋರಿ ಹೋದ್ರೂ ಆ ಅಂಗಿ ಜೀವ ಉಳಸ್ತೈತಿ" ಅಂದೆ.

ಕಾಕಾ ಮುಂದೆ ಮಾತಾಡಲಿಲ್ಲ. ಕೆಮ್ಮಿದ, ಎದ್ದು ಹೊರಗೆ ಹೋದ.

ಈ ಪ್ರಶ್ನೆ ಅವನು ಯಾಕೆ ಕೇಳಿದ ಅಂತ ನನಗೆ ಗೊತ್ತಿತ್ತು. ಸುಮಾರು ಇಪ್ಪತ್ತು ವರ್ಷದ ಹಿಂದೆ ಕಾಕಾ ದುಡಿಯಾಕ ಒಂದು ದೊಡ್ಡ ಊರಿಗೆ ಹೋಗಿದ್ದ. ಊರು ಯಾವುದು, ಕಂತ್ರಾಟುದಾರ ಯಾರು ಅನ್ನೋದು ಇಲ್ಲಿ ಬೇಡ. ಒಳಚರಂಡಿ ಕಟ್ಟಿಕೊಂಡ ಕಡೆ ಮ್ಯಾನ್‌ಹೋಲಿಗೆ ಇಳಿದು ತೆಗೆಯೋ ಕೆಲಸ. ಮಳೆಗಾಲದ ಒಂದು ಮುಂಜಾನೆ ಅವನ ಜೋಡಿಗಾರ ಮೊದಲು ಇಳಿದ. ಒಂದು ಹಗ್ಗ, ಒಂದು ಬಕೆಟ್, ಮೈಮೇಲೆ ಬರೀ ಚಡ್ಡಿ. ಸ್ವಲ್ಪ ಹೊತ್ತಿಗೇ ಕೆಳಗಿನ ಮಾತು ನಿಂತಿತು. ಅವನನ್ನ ಎತ್ತಾಕ ಕಾಕಾ ಇಳಿದ. ಮೇಲಿದ್ದವರು ಕಾಕಾನ್ನ ಹೆಂಗೋ ಎಳಕೊಂಡ್ರು. ಜೋಡಿಗಾರ ಜೀವಂತ ಬರಲಿಲ್ಲ. ಕಾಗದದಲ್ಲಿ "ಕಾಲು ಜಾರಿ ಬಿದ್ದು ಮರಣ" ಅಂತ ಬರೆದ್ರು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆಗ ಗೆಳೆಯರು ಕೇಳಿದ್ರೆ "ನಮ್ಮ ಕಾಕಾ ಸಿಟ್ಯಾಗ ಪೈಪ್‌ಲೈನ್ ಕೆಲಸ ಮಾಡ್ತಾನ" ಅಂತ ಹೇಳ್ತಿದ್ದೆ. ನನಗೆ ನಾಚಿಕೆ ಇತ್ತು. ಆ ನಾಚಿಕೆ ನನ್ನದಾಗಬಾರದಿತ್ತು ಅಂತ ತಿಳಿಯೋಕೆ ಬಾಬಾಸಾಹೇಬರನ್ನ ಓದಬೇಕಾಯ್ತು.

ಕಾಕಾ ಕೇಳಿದ ಒಂದು ಪ್ರಶ್ನೆಯಲ್ಲೇ ಮನುಷ್ಯ ಭೂಮಿ ಬಿಟ್ಟು ಹೋದ ಚರಿತ್ರೆ ಪೂರ್ತಿ ಇದೆ. ನಾವೆಲ್ಲ ರಾಕೆಟ್, ಬೆಂಕಿ, ಕೌಂಟ್‌ಡೌನ್ ನೋಡ್ತೀವಿ. ಆದ್ರೆ ಮನುಷ್ಯನನ್ನ ಕಳಿಸೋವಾಗಿನ ನಿಜವಾದ ತ್ರಾಸು ಒಳಗಿನದು: ಉಸಿರಿಗೆ ಗಾಳಿ, ಕುಡಿಯಾಕ ನೀರು, ಹೇಲು ಉಚ್ಚೆಗೆ ಒಂದು ದಾರಿ. ಇವನ್ನು ಕಲಿಯೋಕೆ ಜೀವಗಳೇ ಹೋಗಿವೆ.

1967ರ ಜನವರಿ 27. ಅಮೆರಿಕದ ಅಪೊಲೊ 1. ನೌಕೆ ಇನ್ನೂ ನೆಲದ ಮೇಲೇ ಇತ್ತು, ಬರೀ ತಾಲೀಮು. ಒಳಗೆ ಶುದ್ಧ ಆಮ್ಲಜನಕ ತುಂಬಿದ್ದರು. ಒಂದು ಕಿಡಿ ಸಾಕಾಯ್ತು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು, ಒತ್ತಡಕ್ಕೆ ತೆಗೆಯೋಕೆ ಬರಲಿಲ್ಲ. ಗ್ರಿಸಮ್, ವೈಟ್, ಚಾಫಿ ಮೂವರೂ ತೀರಿಕೊಂಡರು. ಆಮೇಲೆ 1968ರ ಅಕ್ಟೋಬರ್ ತನಕ ಅಮೆರಿಕ ಒಬ್ಬನನ್ನೂ ಮೇಲೆ ಕಳಿಸಲಿಲ್ಲ. ಬಾಗಿಲು ಹೊರಕ್ಕೆ ತೆರೆಯೋ ಹಾಗೆ ಮಾಡಿದರು, ಉಡಾವಣೆ ಹೊತ್ತಿನ ಗಾಳಿಗೆ ಸಾರಜನಕ ಬೆರೆಸಿದರು, ಹೊತ್ತಿ ಉರಿಯೋ ಸಾಮಾನು ತೆಗೆದರು.

1971ರ ಜೂನ್ 30. ಸೋವಿಯತ್ ದೇಶದ ಸೋಯುಜ್ 11. ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 1ರಲ್ಲಿ ಮೂರು ವಾರಕ್ಕೂ ಹೆಚ್ಚು ಇದ್ದು ಡೊಬ್ರೊವೊಲ್‌ಸ್ಕಿ, ವೋಲ್ಕೊವ್, ಪತ್ಸಾಯೆವ್ ವಾಪಸ್ ಬರ್ತಿದ್ದರು. ನೌಕೆಯ ಭಾಗಗಳು ಬೇರೆ ಆಗುವಾಗ ಒಂದು ವಾಲ್ವ್ ಹೊತ್ತಿಗೆ ಮುಂಚೆ ತೆರೆದುಕೊಂಡಿತು. ಗಾಳಿಯೆಲ್ಲ ಹೊರಗೆ ಹೋಯ್ತು. ಮೂವರು ಕೂರಬೇಕು ಅಂದ್ರೆ ಸ್ಪೇಸ್‌ಸೂಟಿಗೆ ಜಾಗ ಇಲ್ಲ ಅಂತ ಸೂಟೇ ಕೊಟ್ಟಿರಲಿಲ್ಲ. ಕ್ಯಾಪ್ಸೂಲು ಸರಿಯಾಗೇ ನೆಲಕ್ಕೆ ಇಳಿಯಿತು. ಬಾಗಿಲು ತೆಗೆದಾಗ ಮೂವರೂ ಹೆಣ. ಆಮೇಲೆ ಎರಡು ವರ್ಷಕ್ಕೂ ಮೇಲೆ ಆ ನೌಕೆಯಲ್ಲಿ ಯಾರನ್ನೂ ಕಳಿಸಲಿಲ್ಲ. 1973ರಲ್ಲಿ ಮತ್ತೆ ಶುರು ಮಾಡಿದಾಗ ಮೂರು ಸೀಟನ್ನ ಎರಡಕ್ಕೆ ಇಳಿಸಿದರು, ಇಬ್ಬರಿಗೂ ಸೂಟು ಕೊಟ್ಟರು. "ಸೂಟು ಇಲ್ಲದೆ ಯಾರೂ ಇಲ್ಲ" ಅನ್ನೋ ನಿಯಮ ಬಂತು.

1970ರ ಏಪ್ರಿಲ್, ಅಪೊಲೊ 13. ಚಂದ್ರನ ದಾರಿಯಲ್ಲಿ ಆಮ್ಲಜನಕದ ಟ್ಯಾಂಕ್ ಸ್ಫೋಟ. ಇಬ್ಬರಿಗಾಗಿ ಮಾಡಿದ ಸಣ್ಣ ನೌಕೆಯಲ್ಲಿ ಮೂವರು ಸೇರಿಕೊಂಡರು. ಅವರದೇ ಉಸಿರಿನ ಇಂಗಾಲದ ಡೈಆಕ್ಸೈಡ್ ಅವರನ್ನು ಕೊಲ್ಲುವ ಮಟ್ಟಕ್ಕೆ ಏರುತ್ತಿತ್ತು. ಅದನ್ನು ಹೀರೋ ಡಬ್ಬಿ ಒಂದು ಕಡೆ ಚೌಕ, ಇನ್ನೊಂದು ಕಡೆ ಗುಂಡು. ಕೆಳಗೆ ನೆಲದ ಮೇಲಿದ್ದ ಎಂಜಿನಿಯರುಗಳು ಪ್ಲಾಸ್ಟಿಕ್ ಚೀಲ, ರಟ್ಟು, ಟೇಪು ಸೇರಿಸಿ ಒಂದು ಜೋಡಣೆ ಹುಡುಕಿ ರೇಡಿಯೋದಲ್ಲಿ ಹೇಳಿಕೊಟ್ಟರು. ಮೂವರೂ ಉಳಿದರು.

ಈಗ ಮ್ಯಾನ್‌ಹೋಲಿಗೆ ಬನ್ನಿ. ಅಲ್ಲಿಯ ವಿಜ್ಞಾನವೂ ಇದೇ. ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಹುಟ್ಟುತ್ತವೆ, ಆಮ್ಲಜನಕ ಕಡಿಮೆ ಆಗುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಹೆಚ್ಚಾದಾಗ ಮೂಗೇ ಸತ್ತು ಹೋಗುತ್ತದೆ, ವಾಸನೆನೂ ಗೊತ್ತಾಗಲ್ಲ. "ವಾಸನಿ ಇಲ್ಲ, ಇಳಿಯೋ" ಅಂತ ಮೇಲಿನವರು ಹೇಳೋದು ಇದಕ್ಕೇ ಅಪಾಯ. ಗಾಳಿ ಅಳೆಯೋ ಮೀಟರ್ ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಆಮ್ಲಜನಕದ ಸಿಲಿಂಡರು, ಮಾಸ್ಕು ಅಂಗಡಿಯಲ್ಲಿ ಸಿಗುತ್ತವೆ. ಮನುಷ್ಯ ಇಳಿಯೋದೇ ಬೇಡ ಅನ್ನುವಂಥ ಸಕ್ಕಿಂಗ್, ಜೆಟ್ಟಿಂಗ್ ಮಶೀನು ಬಂದು ಎಷ್ಟೋ ವರ್ಷ ಆಯ್ತು.

ಇನ್ನು ಹೇಲಿನ ಚರಿತ್ರೆ. ಮಾತು ಹೊಲಸು ಅನಿಸಿದ್ರೆ ಕ್ಷಮಿಸಬೇಡಿ, ಓದಿ. 1961ರ ಮೇ 5ರಂದು ಅಮೆರಿಕದ ಮೊದಲ ಗಗನಯಾನಿ ಅಲನ್ ಶೆಪರ್ಡ್ ಉಡಾವಣೆ ತಡ ಆಗಿದ್ದಕ್ಕೆ ಸೂಟಿನೊಳಗೇ ಉಚ್ಚೆ ಹೊಯ್ಯಬೇಕಾಯ್ತು. ಹದಿನೈದು ನಿಮಿಷದ ಪ್ರಯಾಣ ಅಂತ ಅದಕ್ಕೆ ಯಾರೂ ವ್ಯವಸ್ಥೆ ಮಾಡಿರಲಿಲ್ಲ. ಚಂದ್ರನಿಗೆ ಹೋದವರು ಪ್ಲಾಸ್ಟಿಕ್ ಚೀಲವನ್ನ ಕುಂಡಿಗೆ ಅಂಟಿಸಿಕೊಂಡು, ಆಮೇಲೆ ಅದರೊಳಗೆ ಕ್ರಿಮಿನಾಶಕ ಹಾಕಿ ತಮ್ಮ ಕೈಯಿಂದಲೇ ಹಿಸುಕಬೇಕಿತ್ತು. ನೌಕೆಯಲ್ಲಿ ಅದನ್ನು ಇನ್ನೊಬ್ಬರ ತಲೆ ಮೇಲೆ ಹಾಕೋಕೆ ಆಗಲ್ಲ. ಯಾಕಂದ್ರೆ ಅಲ್ಲಿ "ಇನ್ನೊಬ್ಬರು" ಇಲ್ಲ.

ಈಗ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಗಾಳಿಯಿಂದ ಎಳಕೊಳ್ಳೋ ಸಂಡಾಸ ಇದೆ. 2020ರಲ್ಲಿ ನಾಸಾ ಕಳಿಸಿದ ಹೊಸ ಸಂಡಾಸಕ್ಕೆ 2 ಕೋಟಿ 30 ಲಕ್ಷ ಡಾಲರ್ ಖರ್ಚಾಗಿದೆ. ಮಲವನ್ನು ಡಬ್ಬಿಯಲ್ಲಿ ಮುಚ್ಚಿ, ಕಸದ ಜೊತೆ ಸರಕು ನೌಕೆಗೆ ತುಂಬಿ, ವಾತಾವರಣದಲ್ಲಿ ಉರಿದು ಹೋಗೋ ಹಾಗೆ ಮಾಡ್ತಾರೆ. 2008ರಲ್ಲಿ ಒಂದು ಸಂಡಾಸ ಕೆಟ್ಟಾಗ ಡಿಸ್ಕವರಿ ನೌಕೆಯಲ್ಲಿ ಪಂಪ್ ಕಳಿಸಿದರು. ಅದನ್ನು ಬಿಚ್ಚಿ ಕೂಡಿಸಿದವರು ಗಗನಯಾನಿಗಳೇ. ವರ್ಷಗಟ್ಟಲೆ ತರಬೇತಿ ಪಡೆದವರು, ಜಗತ್ತೇ ಹೂಮಾಲೆ ಹಾಕೋ ಜನ, ಸಂಡಾಸ ತಾವೇ ರಿಪೇರಿ ಮಾಡ್ತಾರೆ, ತಾವೇ ತೊಳೀತಾರೆ. ಅದರಿಂದ ಯಾರೂ ಕೀಳಾಗಲಿಲ್ಲ.

ನೀರಿನ ಕಥೆಯೂ ಕೇಳಿ. ಮೂತ್ರ, ಬೆವರು, ಉಸಿರಿನ ತೇವ ಎಲ್ಲ ಒಟ್ಟು ಮಾಡಿ ಶುದ್ಧ ಮಾಡಿ ಮತ್ತೆ ಕುಡೀತಾರೆ. ಅಲ್ಲಿಯ ಅಮೆರಿಕನ್ ಭಾಗದಲ್ಲಿ 98 ಪರ್ಸೆಂಟ್ ನೀರು ವಾಪಸ್ ಸಿಗೋ ಹಾಗೆ ಆಯ್ತು ಅಂತ ನಾಸಾ 2023ರಲ್ಲಿ ಹೇಳಿತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದದ್ದಕ್ಕೆ ಕೆರೆ ಮೈಲಿಗೆ ಆಯ್ತು ಅಂದವರ ನಾಡು ನಮ್ಮದು. ಅಲ್ಲಿ ಮೇಲೆ ಜಾತಿ ಕೇಳಿ ಕೊಡೋಕೆ ಎರಡನೇ ಕೊಡ ಇಲ್ಲ.

ದೇಹದ ಕಷ್ಟ ಬೇರೆ. ತೂಕವಿಲ್ಲದ ಕಡೆ ಇದ್ದರೆ ಸೊಂಟ, ಕಾಲಿನ ಎಲುಬು ತಿಂಗಳಿಗೆ 1ರಿಂದ 1.5 ಪರ್ಸೆಂಟ್ ಸವೆಯುತ್ತದೆ. ಅದಕ್ಕೇ ದಿನಾ ಎರಡು ತಾಸು ವ್ಯಾಯಾಮ. ವಿಕಿರಣ ಇನ್ನೊಂದು ಪೀಡೆ. ಮಂಗಳಕ್ಕೆ ಹೋಗಬೇಕಾದ್ರೆ ಒಂದೇ ದಾರಿಗೆ ಆರೇಳು ತಿಂಗಳು, ನಡುವೆ ತಿರುಗಿ ಬರೋ ಮಾತಿಲ್ಲ. ಊಟಾನೂ ಅಲ್ಲೇ ಬೆಳೀಬೇಕು. ಇದಕ್ಕೆ ನಮ್ಮ ಪಕ್ಕದ ಧಾರವಾಡವೇ ಕೈ ಹಾಕಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಶುಕ್ಲಾ ಅವರ ಜೊತೆ ಹೆಸರುಕಾಳು, ಮೆಂತ್ಯೆಕಾಳು ಕಳಿಸಿದ್ದರು. ಅಲ್ಲಿ ನೀರು ಹಾಕಿ ಮೊಳಕೆ ಬರಿಸಿ ವಾಪಸ್ ತಂದರು. ನಮ್ಮ ಮನಿ ಮೊಳಕಿಕಾಳು ಬಾಹ್ಯಾಕಾಶಕ್ಕೆ ಹೋಗಿ ಬಂತು ಅಂದ್ರೆ ನನಗೂ ಹೆಮ್ಮೆ ಇದೆ.

ಸುರೇಬಾನ ನೇಕಾರರ ಊರು. ಹಂಗಾಗಿ ಇದನ್ನೂ ಹೇಳಬೇಕು. ಬಾಹ್ಯಾಕಾಶಕ್ಕೆ ಹೋದ ಮೊದಲ ಹೆಣ್ಣುಮಗಳು ವ್ಯಾಲೆಂಟಿನಾ ತೆರೆಷ್ಕೋವಾ ಬಟ್ಟೆ ಗಿರಣಿಯ ಕೂಲಿಕಾರಳು. ಚಂದ್ರನ ಮೇಲೆ ನಡೆದವರ ಸೂಟು ಹೊಲಿದವರು ಹೊಲಿಗೆ ಯಂತ್ರದ ಮುಂದೆ ಕುಂತ ಹೆಣ್ಣುಮಕ್ಕಳು. ಅಪೊಲೊ ಕಂಪ್ಯೂಟರಿನ ಮೆಮೊರಿಯ ತಂತಿಯನ್ನು ಒಂದೊಂದೇ ಎಳೆಯಾಗಿ ನೇಯ್ದವರೂ ಹೆಣ್ಣುಮಕ್ಕಳೇ. ಒಂದು ಹೊಲಿಗೆ ತಪ್ಪಿದ್ರೆ ಒಂದು ಜೀವ ಹೋಗ್ತದ ಅಂತ ಅವರಿಗೆ ಗೊತ್ತಿತ್ತು, ಅವರ ಮೇಲಿನವರಿಗೂ ಗೊತ್ತಿತ್ತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಗಗನಯಾನದ ಕೆಲಸ ನೋಡೋ ಇಸ್ರೋದ ಮಾನವ ಬಾಹ್ಯಾಕಾಶ ಯಾನ ಕೇಂದ್ರ 2019ರಿಂದ ಬೆಂಗಳೂರಿನಲ್ಲಿದೆ. ಗಗನಯಾನಿಗಳ ರಕ್ತ, ಎದೆ, ಕಣ್ಣು, ಮನಸ್ಸು ಎಲ್ಲ ಪರೀಕ್ಷೆ ಮಾಡಿ ಆರಿಸಿದ್ದು ಬೆಂಗಳೂರಿನಲ್ಲೇ ಇರೋ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಕಾಕಾನ ಎದೆಯನ್ನ ಕೆಲಸ ಕೊಟ್ಟವರು ಒಂದು ಸಲಾನೂ ಪರೀಕ್ಷೆ ಮಾಡಿಸಲಿಲ್ಲ.

ಇದೇ ರಾಜ್ಯಕ್ಕೆ ಇನ್ನೊಂದು ಚರಿತ್ರೆ ಇದೆ. 1970ರ ದಶಕದಲ್ಲೇ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅಲ್ಲಿಯ ಒಣ ಸಂಡಾಸಗಳ ವಿರುದ್ಧ ಹೋರಾಟ ಶುರು ಮಾಡಿ ಇಡೀ ದೇಶಕ್ಕೆ ಒಯ್ದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2010ರ ಜುಲೈನಲ್ಲಿ ಸವಣೂರಿನಲ್ಲಿ ನಮ್ಮ ಜನ ತಮ್ಮ ಮೈಮೇಲೆ ತಾವೇ ಮಲ ಸುರಕೊಂಡು ಪ್ರತಿಭಟಿಸಿದ್ದನ್ನು ಯಾರು ಮರೆತಾರು? 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ. 1993ರಿಂದ ಒಳಚರಂಡಿಯಲ್ಲಿ ಸತ್ತ ಎಲ್ಲರ ಕುಟುಂಬಕ್ಕೂ 10 ಲಕ್ಷ ಕೊಡಿ ಅಂತ 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಕಾನ ಜೋಡಿಗಾರನ ಹೆಂಡತಿ ಪರವಾಗಿ ಅರ್ಜಿ ಬರೆದವನು ನಾನೇ. "ಸದರಿ ವ್ಯಕ್ತಿ ಕೆಲಸದಲ್ಲಿದ್ದ ಬಗ್ಗೆ ದಾಖಲೆ ಇರುವುದಿಲ್ಲ" ಅಂತ ಹಿಂಬರಹ ಬಂತು. ದಿನಾ ಅಂಥ ಹಿಂಬರಹ ಟೈಪ್ ಮಾಡೋ ಗುಮಾಸ್ತ ನಾನು. ಆ ಒಂದು ಸಾಲು ಒಂದು ಮನೆಗೆ ಏನು ಮಾಡ್ತದ ಅಂತ ಅವತ್ತು ಗೊತ್ತಾಯ್ತು.

ಎರಡು ತಾರೀಕು ನೆನಪಿಡಿ. 2023ರ ಅಕ್ಟೋಬರ್ 20: ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನ 30 ಲಕ್ಷಕ್ಕೆ ಏರಿಸಿ, ಈ ಪದ್ಧತಿಯನ್ನೇ ಪೂರ್ತಿ ನಿಲ್ಲಿಸಿ ಅಂತ ತೀರ್ಪು ಕೊಟ್ಟಿತು. ಮರುದಿನ, ಅಕ್ಟೋಬರ್ 21: ಶ್ರೀಹರಿಕೋಟಾದಲ್ಲಿ ಗಗನಯಾನದ ಮೊದಲ ಪಾರಾಗುವ ಪರೀಕ್ಷೆ. ಉಡಾವಣೆಗೆ 5 ಸೆಕೆಂಡ್ ಇದ್ದಾಗ ಏನೋ ಸರಿ ಇಲ್ಲ ಅಂತ ಕಂಪ್ಯೂಟರು ತಾನೇ ನಿಲ್ಲಿಸಿತು. ನೋಡಿ, ಸರಿ ಮಾಡಿ, ಆಮೇಲೆ ಹಾರಿಸಿದರು. ಆ ಕ್ಯಾಪ್ಸೂಲಿನೊಳಗೆ ಯಾರೂ ಇರಲಿಲ್ಲ! ಮುಂದೆ ಯಾವತ್ತೋ ಕೂರೋ ಮನುಷ್ಯನಿಗಾಗಿ ಖಾಲಿ ಡಬ್ಬಿಯನ್ನೂ ನಿಲ್ಲಿಸಿದರು. ಮ್ಯಾನ್‌ಹೋಲಿನ ಹತ್ರ ಆ "ನಿಲ್ಲಿಸು" ಅನ್ನೋರು ಯಾರು?

ನಾನು ಬಾಹ್ಯಾಕಾಶದ ವಿರೋಧಿ ಅಲ್ಲ. 1969ರ ಜುಲೈ 15ರಂದು, ಅಪೊಲೊ 11 ಹಾರೋ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಗಾತಿ ರಾಲ್ಫ್ ಅಬರ್ನಥಿ ಬಡ ಕರಿಯ ಕುಟುಂಬಗಳ ಜೊತೆ ಹೇಸರಗತ್ತೆ ಬಂಡಿ ಕಟ್ಟಿಕೊಂಡು ಉಡಾವಣಾ ಕೇಂದ್ರಕ್ಕೆ ಹೋದರು. ಹಸಿವಿನ ಲೆಕ್ಕ ಕೇಳಿದರು. ಹಾಗೇ ಗಗನಯಾನಿಗಳು ಕ್ಷೇಮವಾಗಿ ಬರಲಿ ಅಂತ ಪ್ರಾರ್ಥನೆಯನ್ನೂ ಮಾಡಿದರು. ನನ್ನದೂ ಅದೇ ದಾರಿ. ಗಗನಯಾನ ಹಾರಲಿ. ನಮ್ಮ ಕೇರಿ ಹುಡುಗಿಯೂ ಒಂದು ದಿನ ಆ ಸೂಟು ಹಾಕಲಿ. ಆದ್ರ ಗಾಳಿ ಇಲ್ಲದ ಜಾಗಕ್ಕೆ ಮನುಷ್ಯನನ್ನ ಕಳಿಸಿ ಜೀವಂತ ತರೋ ವಿದ್ಯೆ ಈ ದೇಶಕ್ಕೆ ಬರ್ತದ ಅಂದ ಮೇಲೆ, ಮ್ಯಾನ್‌ಹೋಲಿನ ಸಾವು "ಅಪಘಾತ" ಅಲ್ಲ. ಯಾರ ಜೀವಕ್ಕೆ ಸೂಟು ಹೊಲಿಸಬೇಕು, ಯಾರ ಜೀವಕ್ಕೆ ಹಗ್ಗ ಸಾಕು ಅಂತ ಜಾತಿ ಮೊದಲೇ ತೀರ್ಮಾನ ಮಾಡಿರ್ತದ.

ಕೊನೆಗೆ ಕೆಲಸದ ಮಾತು. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು, ಎಲ್ಲೇ ಇರಲಿ, ಗುಂಡಿಗೆ ಮನುಷ್ಯನನ್ನ ಇಳಿಸೋದು ಕಂಡರೆ ಮೊದಲು ನಿಲ್ಲಿಸಿ. ಫೋಟೋ ತೆಗೀರಿ, ತಾರೀಕು, ಹೊತ್ತು ಬರ್ಕೊಳ್ರಿ. ಪೊಲೀಸ್ ಠಾಣೆಗೂ ಡಿಸಿ ಕಚೇರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ರಿ. 2013ರ ಕಾಯ್ದೆಯ 7 ಮತ್ತು 9ನೇ ಕಲಂ ಬರೀರಿ: ಮೊದಲ ತಪ್ಪಿಗೇ 2 ವರ್ಷದ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಅಥವಾ ಎರಡೂ. ಅರ್ಜಿ ಬರೆಯೋಕೆ ಬರದಿದ್ರೆ ನನಗೆ ಮೆಸೇಜ್ ಮಾಡಿ, ನಾನು ಬರೆದು ಕೊಡ್ತೀನಿ. ಅದೊಂದು ವಿದ್ಯೆ ನನ್ನ ಹತ್ರ ಇದೆ.

ಜುಲೈ 15ಕ್ಕೆ ಶುಕ್ಲಾ ಅವರು ಕ್ಷೇಮವಾಗಿ ಸಮುದ್ರಕ್ಕೆ ಇಳಿದ ಸುದ್ದಿ ಬಂದಾಗ ಕಾಕಾಗ ಹೇಳಿದೆ. "ಚಲೋ ಆತು. ಅವರ ಅವ್ವ ನೋಡಿ ನಕ್ಕಿರಬೇಕು" ಅಂದ. ಸ್ವಲ್ಪ ತಡೆದು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ತನ್ನ ಜೋಡಿಗಾರನ ಅವ್ವನ ಬಗ್ಗೆ ಮಾತಾಡಿದ.

ಜೈ ಭೀಮ್.